ಸಿನಿಮಾ ಮಾಡೋರು ಓದಲೇಬೇಕಾದ ಪುಸ್ತಕಗಳ ಪಟ್ಟಿಯಲ್ಲಿ ಕೇರಿ ಎಲ್ಲೈತಿ?



ಆ ಪಟ್ಟಿ ನಿಮ್ಮ ಮೊಬೈಲಿಗೂ ಬಂದಿರುತ್ತೆ. "ನಿರ್ದೇಶಕ ಆಗಬೇಕಾ? ನಟ ಆಗಬೇಕಾ? ಈ ಪುಸ್ತಕಗಳನ್ನು ಓದಲೇಬೇಕು." ವರ್ಷಕ್ಕೆ ಮೂರ್ನಾಲ್ಕು ಸಲ ಯಾರಾದರೂ ಹಾಕ್ತಾರೆ, ನಾವೂ ಏನೂ ಯೋಚಿಸದೆ ಮುಂದಕ್ಕೆ ತಳ್ತೀವಿ. ಸಿಡ್ ಫೀಲ್ಡ್‌ನ 'ಸ್ಕ್ರೀನ್‌ಪ್ಲೇ', ರಾಬರ್ಟ್ ಮೆಕ್ಕೀಯ 'ಸ್ಟೋರಿ', ಬ್ಲೇಕ್ ಸ್ನೈಡರ್‌ನ 'ಸೇವ್ ದ ಕ್ಯಾಟ್', ಸಿಡ್ನಿ ಲುಮೆಟ್‌ನ 'ಮೇಕಿಂಗ್ ಮೂವೀಸ್', ಸ್ಟಾನಿಸ್ಲಾವ್‌ಸ್ಕಿಯ 'ಆ್ಯನ್ ಆ್ಯಕ್ಟರ್ ಪ್ರಿಪೇರ್ಸ್', ಸ್ವಲ್ಪ ತರ್ಕೋವ್‌ಸ್ಕಿ, ಸ್ವಲ್ಪ ಸತ್ಯಜಿತ್ ರಾಯ್. ಎಲ್ಲಾ ಪರದೇಶದ್ದೇ ಆಯ್ತಲ್ಲ ಅನ್ನೋ ನಾಚಿಕೆಗೆ ಕೊನೆಯಲ್ಲಿ ಒಂದು ಭರತಮುನಿಯ ನಾಟ್ಯಶಾಸ್ತ್ರ. ಮುಗೀತು. ಜಗತ್ತಿನ ಜ್ಞಾನ ಅಷ್ಟೇ.

ಕುಕ್ಕುವಾಡದ ಕೇರಿಯ ಒಬ್ಬ ಹುಡುಗ ಇದನ್ನೇ ನನಗೆ ಕಳಿಸಿ "ಅಣ್ಣಾ, ಇದ್ರಾಗೆ ಯಾವ್ದು ಮೊದ್ಲು ಓದ್ಲಿ?" ಅಂತ ಕೇಳಿದ. ಕುಕ್ಕುವಾಡ ಗೊತ್ತಿಲ್ಲದೋರಿಗೆ ಹೇಳ್ತೀನಿ: ದಾವಣಗೆರೆ ತಾಲ್ಲೂಕು, ಭದ್ರಾ ನೀರು ಉಣ್ಣೋ ಸೀಮೆ, ಸಕ್ಕರೆ ಫ್ಯಾಕ್ಟರಿ ಇರೋ ಊರು. ಹಂಗಾಮಿನಲ್ಲಿ ರಸ್ತೆ ತುಂಬಾ ಕಬ್ಬಿನ ಟ್ರ್ಯಾಕ್ಟರ್. ಆ ಟ್ರ್ಯಾಕ್ಟರ್ ತುಂಬೋ ಕೈಗಳಲ್ಲಿ ಅವನ ಮನೆಯವರ ಕೈಯೂ ಸೇರೈತಿ. ಅವನು ಮೊಬೈಲಲ್ಲೇ ಮೂರ್ನಾಲ್ಕು ಸಣ್ಣ ಚಿತ್ರ ತೆಗೆದಿದಾನೆ, ಫ್ರೇಮ್ ಇಡೋದು ಅವನಿಗೆ ಬರುತ್ತೆ. ಪಟ್ಟಿಯ ಒಂದು ಇಂಗ್ಲಿಷ್ ಪುಸ್ತಕ ಕೊಂಡರೆ ಮನೆಯ ಒಂದು ದಿನದ ಕೂಲಿ ಹೋಗುತ್ತೆ. ಕೊಂಡರೂ ಓದೋಕೆ ಡಿಕ್ಷನರಿ ಪಕ್ಕದಲ್ಲಿ ಇಟ್ಕೋಬೇಕು. ಅದಲ್ಲ ನನ್ನ ತಕರಾರು. ಹಣ ಹೊಂದಿಸಬಹುದು, ಇಂಗ್ಲಿಷೂ ಕಲಿಯಬಹುದು, ಕಲೀಬೇಕು ಕೂಡ. ಅಷ್ಟೂ ಓದಿ ಮುಗಿಸಿದ ಮೇಲೆ ಅವನಿಗೆ ತನ್ನ ಕೇರಿ ಕಾಣುತ್ತಾ, ಇಲ್ಲಾ ಮರೆಯಾಗುತ್ತಾ? ನನ್ನ ಜಗಳ ಅದರ ಬಗ್ಗೆ.

ಮೊದಲು 'ಸೇವ್ ದ ಕ್ಯಾಟ್' ತಗೊಳ್ಳಿ. 2005ರ ಪುಸ್ತಕ, ಈಗ ಬೆಂಗಳೂರಿನ ಚಿತ್ರಕಥೆ ಬರೆಯೋರ ಬಾಯಲ್ಲೆಲ್ಲಾ ಇದೇ. ಸೂತ್ರ ಸರಳ: ಹೀರೋ ಸಿನಿಮಾದ ಶುರುವಲ್ಲೇ ಒಂದು ಒಳ್ಳೆ ಕೆಲಸ ಮಾಡಬೇಕು, ಬೆಕ್ಕನ್ನು ಕಾಪಾಡಬೇಕು, ಆಗ ಪ್ರೇಕ್ಷಕನಿಗೆ ಅವನ ಮೇಲೆ ಪ್ರೀತಿ ಹುಟ್ಟುತ್ತೆ. ಈಗ ನಮ್ಮ ಮಾಸ್ ಸಿನಿಮಾಗಳನ್ನು ನೆನಪು ಮಾಡ್ಕೊಳ್ಳಿ. ಹತ್ತನೇ ನಿಮಿಷಕ್ಕೆ ಕೇರಿಯ ಒಬ್ಬ ಹೆಣ್ಣುಮಗಳನ್ನು ರೌಡಿಗಳು ಎಳೆದಾಡ್ತಾರೆ. ಹರಕು ಅಂಗಿಯ ಮುದುಕ ಗೌಡರ ಕಾಲಿಗೆ ಬೀಳ್ತಾನೆ. ಗುಡಿಸಲಿಗೆ ಬೆಂಕಿ ಬೀಳುತ್ತೆ. ಆಗ ಹೀರೋ ಬರ್ತಾನೆ, ಹೊಡೀತಾನೆ, ಹಾಡು ಶುರು. ನಾವು ಆಮೇಲೆ ಆ ಸಿನಿಮಾದಲ್ಲಿ ಇರೋದೇ ಇಲ್ಲ. ಅರ್ಥ ಆಯ್ತಾ? ಅವರ ಚಿತ್ರಕಥೆಯಲ್ಲಿ ಆ ಬೆಕ್ಕು ನಾವೇ ಕಣ್ರೀ.

ಸ್ಟಾನಿಸ್ಲಾವ್‌ಸ್ಕಿ ವಿಷಯ ಬೇರೆ. ಅವನನ್ನು ನಾನು ಬಿಟ್ಟುಕೊಡಲ್ಲ. ಆ ಪುಸ್ತಕದ ಶುರುವಲ್ಲಿ ಕೋಸ್ತ್ಯಾ ಅನ್ನೋ ವಿದ್ಯಾರ್ಥಿ ಒಥೆಲೋ ಪಾತ್ರ ಮಾಡೋಕೆ ಹೊರಟು, ಚಾಕಲೇಟು ಬೆಣ್ಣೆ ಕಲಸಿ ಮುಖಕ್ಕೆ ಬಳ್ಕೊತಾನೆ, ಕಪ್ಪಾಗಿ ಕಾಣೋಕೆ. (ಬೆಣ್ಣೆಗೆ ದೋಸೆ ಬಿಟ್ಟು ಈ ಉಪಯೋಗನೂ ಐತಿ ಅಂತ ನಮ್ಮ ದಾವಣಗೆರೆಯವರಿಗೆ ಯಾರೂ ಹೇಳಿರಲಿಲ್ಲ.) ಕಣ್ಣು ಬಿಡ್ತಾನೆ, ಹಲ್ಲು ಕಡೀತಾನೆ, ಹುಲಿ ಥರ ಓಡಾಡ್ತಾನೆ. ಇದೇ ನಟನೆ ಅಂದ್ಕೊಂಡಿರ್ತಾನೆ. ಕೆಟ್ಟ ನಟನೆ ಹೇಗಿರುತ್ತೆ ಅಂತ ತೋರಿಸೋಕೆ ಸ್ಟಾನಿಸ್ಲಾವ್‌ಸ್ಕಿ ಕೊಟ್ಟ ಉದಾಹರಣೆ ಅದು. ನಮ್ಮಲ್ಲಿ ಅದೇ ಇವತ್ತಿಗೂ ನಡೀತಾ ಐತಿ. ಬಿಳಿ ನಟನಿಗೆ ಮಸಿ ಬಳಿದು, ತಲೆ ಕೆದರಿಸಿ, ಬೆನ್ನು ಬಗ್ಗಿಸಿ "ದಲಿತ" ಅಂತಾರೆ. ಪಟ್ಟಿ ಹಂಚೋರು ಪಟ್ಟಿಯಲ್ಲಿರೋ ಪುಸ್ತಕದ ಮೊದಲ ಅಧ್ಯಾಯವನ್ನೂ ಓದಿಲ್ಲ ಅಂತಾಯ್ತು.

ಸ್ಟಾನಿಸ್ಲಾವ್‌ಸ್ಕಿ ನಟನಿಗೆ "ಒಂದು ವೇಳೆ ನಾನು ಆ ಸಂದರ್ಭದಲ್ಲಿದ್ದರೆ" ಅಂತ ಕೇಳ್ಕೊ ಅಂತಾನೆ. ಒಳ್ಳೆ ಪ್ರಶ್ನೆ. ಆದರೆ ಹೋಟೆಲಲ್ಲಿ ಬೇರೆ ಲೋಟ ಕೊಟ್ಟಾಗ ಗಂಟಲಲ್ಲಿ ಏನಾಗುತ್ತೆ ಅನ್ನೋದು ಗೊತ್ತಿಲ್ಲದ ನಟ ತನ್ನೊಳಗೆ ಎಷ್ಟು ಹುಡುಕಿದರೂ ಏನು ಸಿಗುತ್ತೆ? ಅವನಿಗೆ ಓದು ಬೇಕು. ಯಾವ ಓದು? ಇಲ್ಲಿಗೆ ಬರ್ಬೇಕು ನಾವು.

ಅದಕ್ಕೂ ಮೊದಲು ನಾಟ್ಯಶಾಸ್ತ್ರ. ಇದನ್ನು ಯಾರೂ ಓದಲ್ಲ, ಎಲ್ಲರೂ ಪಟ್ಟಿಗೆ ಸೇರಿಸ್ತಾರೆ. ನಾನು ಹೇಳ್ತೀನಿ, ಓದಿ. ನಮ್ಮೋರಂತೂ ಓದಲೇಬೇಕು. ಮೊದಲ ಅಧ್ಯಾಯದಲ್ಲಿ, ಶೂದ್ರರಿಗೆ ವೇದ ಕೇಳೋ ಹಕ್ಕಿಲ್ಲ, ಅದಕ್ಕೇ ಎಲ್ಲಾ ವರ್ಣಕ್ಕೂ ಸಲ್ಲೋ ಐದನೇ ವೇದ ಮಾಡಿದ್ವಿ ಅಂತ ಬರುತ್ತೆ. ಇದನ್ನಿಟ್ಕೊಂಡು "ನೋಡಿ ಎಷ್ಟು ಉದಾರ" ಅಂತ ಭಾಷಣ ಬಿಗೀತಾರೆ. ವೇದ ಕೊಡಲ್ಲ, ನಾಟಕ ನೋಡ್ಕೊಂಡಿರಿ ಅನ್ನೋದು ಉದಾರತೆ ಆದ್ರೆ, ಬಾವಿ ಮುಟ್ಬೇಡಿ, ಮೇಲಿಂದ ನೀರು ಹೊಯ್ತೀವಿ ಅನ್ನೋದೂ ಉದಾರತೆಯೇ. ಮುಂದಕ್ಕೆ ಹೋಗಿ. ಮೊಟ್ಟಮೊದಲ ನಾಟಕ ಆಡ್ತಾರೆ. ಕಥೆ ಏನು? ದೇವತೆಗಳು ದೈತ್ಯರನ್ನು ಸೋಲಿಸಿದ್ದು. ದೈತ್ಯರೂ ಅಲ್ಲೇ ಕೂತು ನೋಡ್ತಿದಾರೆ! ತಮ್ಮ ಸೋಲನ್ನೇ ಹಬ್ಬದ ದಿನ ರಂಗದ ಮೇಲೆ ನೋಡಿ ಅವರು ತಕರಾರು ತೆಗೀತಾರೆ, ಆಟ ನಿಲ್ಲಿಸ್ತಾರೆ. ಆಗ ಇಂದ್ರ ಧ್ವಜದ ಕೋಲು ತಗೊಂಡು ಅವರನ್ನು ಬಡೀತಾನೆ. ಬಡಿದಾದ ಮೇಲೆ ಬ್ರಹ್ಮ ಬಂದು ಸಮಾಧಾನ ಹೇಳ್ತಾನೆ: ನಾಟ್ಯ ನಿಮ್ಮೊಬ್ಬರದ್ದೂ ಅಲ್ಲ, ದೇವತೆಗಳದ್ದೂ ಅಲ್ಲ, ಮೂರು ಲೋಕದ್ದು ಅಂತ. ಮೊದಲು ಕೋಲು, ಆಮೇಲೆ "ಕಲೆ ಎಲ್ಲರದು". ಇವತ್ತು ನಾವು ಯಾವುದಾದರೂ ಸಿನಿಮಾದಲ್ಲಿ ನಮ್ಮನ್ನು ಹೀಗೆ ತೋರಿಸಿದ್ದು ಸರಿಯಲ್ಲ ಅಂದ ಕೂಡಲೇ ಏನಾಗುತ್ತೆ ನೋಡಿ, ಕ್ರಮ ಕೂಡ ಬದಲಾಗಿಲ್ಲ.

ಎರಡನೇ ಅಧ್ಯಾಯದಲ್ಲಿ ರಂಗಮಂದಿರ ಕಟ್ಟೋ ವಿಧಾನ. ನಾಲ್ಕು ವರ್ಣಕ್ಕೆ ನಾಲ್ಕು ಕಂಬ. ಬ್ರಾಹ್ಮಣ ಕಂಬದ ಬುಡಕ್ಕೆ ಚಿನ್ನ, ಶೂದ್ರ ಕಂಬದ ಬುಡಕ್ಕೆ ಕಬ್ಬಿಣ. ಅಡಿಪಾಯ ಹಾಕುವಾಗ ಪಾಷಂಡಿಗಳು, ಕಾವಿ ಉಟ್ಟ ಶ್ರಮಣರು, ಅಂಗವಿಕಲರು ಆ ಜಾಗದಲ್ಲಿ ಇರಬಾರದು. ಐದನೇ ಕಂಬ ಇಲ್ಲವೇ ಇಲ್ಲ. ಪಂಚಮರು ಆ ಕಟ್ಟಡದ ನಕ್ಷೆಯಲ್ಲೇ ಇಲ್ಲ. ಇನ್ನು ಪುಸ್ತಕದ ಕೊನೆಗೆ ಬನ್ನಿ: ಭರತನ ಮಕ್ಕಳು ಋಷಿಗಳನ್ನು ಅಣಕಿಸಿ ನಾಟಕ ಆಡ್ತಾರೆ. ಋಷಿಗಳಿಗೆ ಸಿಟ್ಟು ಬಂದು, ನೀವು ಶೂದ್ರರಾಗಿ ಹೋಗಿ ಅಂತ ಶಾಪ ಕೊಡ್ತಾರೆ. ಅಧಿಕಾರಸ್ಥರನ್ನು ನೋಡಿ ನಕ್ಕ ಕಲಾವಿದನಿಗೆ ಶಿಕ್ಷೆ ಏನು ಅಂದ್ರೆ ಜಾತಿ ಇಳಿಸೋದು. ನಮ್ಮ ಹುಡುಗರಿಗೆ ನಾಟ್ಯಶಾಸ್ತ್ರ ಈ ಕಣ್ಣಿಂದ ಓದಿಸಿ. ರಸ, ಭಾವ ಆಮೇಲೆ ನೋಡ್ಕೊಳ್ಳೋಣ. ಅದರಲ್ಲೂ ಕಲಿಯೋದು ಬಹಳ ಐತಿ.

ಈಗ ನನ್ನ ಪಟ್ಟಿ. ಕೊಂಡ್ಕೊಳ್ಳೋಕೆ ಆಗೋದು, ಕನ್ನಡದಲ್ಲೇ ಇರೋದು ಹೆಚ್ಚು.

ಮೊದಲನೇದು ಬಾಬಾಸಾಹೇಬರ 'ವೈಟಿಂಗ್ ಫಾರ್ ಎ ವೀಸಾ'. ತೆಳ್ಳಗಿನ ಪುಸ್ತಕ. ಚಿತ್ರಕಥೆ ಬರೆಯೋದು ಹೇಗೆ ಅಂತ ಇದಕ್ಕಿಂತ ಚೆನ್ನಾಗಿ ಕಲಿಸೋ ಪುಸ್ತಕ ನಾನು ನೋಡಿಲ್ಲ. 1901ರ ಸುಮಾರು. ಒಳ್ಳೆ ಬಟ್ಟೆ ಹಾಕ್ಕೊಂಡ ಸಣ್ಣ ಹುಡುಗರು ಅಪ್ಪನನ್ನು ನೋಡೋಕೆ ಹೊರಟು ಮಸೂರು ಸ್ಟೇಷನ್ನಲ್ಲಿ ಇಳೀತಾರೆ. ಕರಕೊಂಡು ಹೋಗೋಕೆ ಯಾರೂ ಬಂದಿಲ್ಲ. ಬಟ್ಟೆ ನೋಡಿ ಬ್ರಾಹ್ಮಣರ ಮಕ್ಕಳು ಅಂದ್ಕೊಂಡ ಸ್ಟೇಷನ್ ಮಾಸ್ತರ ಪ್ರೀತಿಯಿಂದ ವಿಚಾರಿಸ್ತಾನೆ. ನೀವು ಯಾರು ಅಂತ ಕೇಳ್ತಾನೆ. ಹುಡುಗ ಏನೂ ಯೋಚಿಸದೆ "ನಾವು ಮಹಾರರು" ಅಂತಾನೆ. ಮಾಸ್ತರನ ಮುಖ ಬದಲಾಗುತ್ತೆ. ಅಷ್ಟೇ. ಡೈಲಾಗ್ ಇಲ್ಲ, ಹೊಡೆದಾಟ ಇಲ್ಲ. ಆಮೇಲೆ ಯಾವ ಗಾಡಿಯವನೂ ಬರಲ್ಲ. ಎರಡರಷ್ಟು ಬಾಡಿಗೆ ಕೊಡ್ತೀವಿ, ಗಾಡಿ ನಾವೇ ಹೊಡ್ಕೊಂಡು ಹೋಗ್ತೀವಿ ಅಂದ ಮೇಲೆ ಒಬ್ಬ ಒಪ್ತಾನೆ, ಪಕ್ಕದಲ್ಲಿ ನಡ್ಕೊಂಡು ಬರ್ತಾನೆ. ಬುತ್ತಿ ಐತಿ, ಕುಡಿಯೋಕೆ ನೀರಿಲ್ಲ. ರಾತ್ರಿಯಿಡೀ. ಇದನ್ನು ಶಾಟ್ ಶಾಟಾಗಿ ಬರೆದು ನೋಡಿ ತಮ್ಮಂದಿರಾ. ಕ್ಯಾಮೆರಾ ಹುಡುಗನ ಎತ್ತರದಲ್ಲಿ ಇಡ್ತೀರೋ, ಮಾಸ್ತರನ ಎತ್ತರದಲ್ಲಿ ಇಡ್ತೀರೋ? ಮುಖ ಬದಲಾಗೋ ಆ ಕ್ಷಣ ತೋರಿಸ್ತೀರೋ, ಹುಡುಗನ ಮುಖದ ಮೇಲೆ ಅದರ ನೆರಳು ತೋರಿಸ್ತೀರೋ? ಯಾವ ಫಿಲ್ಮ್ ಸ್ಕೂಲೂ ಇದಕ್ಕಿಂತ ಒಳ್ಳೆ ಎಕ್ಸರ್‌ಸೈಜ್ ಕೊಡಲ್ಲ.

ಎರಡನೇದಕ್ಕೆ ಎರಡು ಪುಸ್ತಕ ಜೊತೆಗಿಟ್ಟು ಓದಬೇಕು: ಶಿವರಾಮ ಕಾರಂತರ 'ಚೋಮನ ದುಡಿ', ಸಿದ್ಧಲಿಂಗಯ್ಯನವರ 'ಊರು ಕೇರಿ'. ಕಾದಂಬರಿ 1933ರದ್ದು, ಬಿ.ವಿ. ಕಾರಂತರ ಸಿನಿಮಾ 1975ರದ್ದು. ಆ ವರ್ಷದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು, ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿನೂ ಬಂತು. ದೊಡ್ಡ ಸಿನಿಮಾ, ನಾನೂ ಒಪ್ತೀನಿ. ಚೋಮನಿಗೆ ಒಂದೇ ಆಸೆ: ನೇಗಿಲು ಹಿಡೀಬೇಕು, ತನ್ನದು ಅನ್ನೋ ಭೂಮಿ ಉಳಬೇಕು. ಸಿಗಲ್ಲ. ಬಾಗಿಲು ಹಾಕ್ಕೊಂಡು ದುಡಿ ಬಡೀತಾ ಸಾಯ್ತಾನೆ. ಸಿನಿಮಾ ಬಂದಾಗ ದೇವರಾಜ ಅರಸರ ಭೂ ಸುಧಾರಣೆ ತಿದ್ದುಪಡಿ ಜಾರಿಗೆ ಬಂದು ಒಂದು ವರ್ಷ ಆಗಿತ್ತು. ಉಳುವವನೇ ಹೊಲದೊಡೆಯ ಅಂತ ಗೇಣಿದಾರರಿಗೆ ಭೂಮಿ ಬಂತು. ಆದರೆ ಚೋಮ ಗೇಣಿದಾರನಲ್ಲ, ಜೀತದಾಳು. ಆ ಕಾನೂನಿನಲ್ಲೂ ಅವನಿಗೆ ಜಾಗ ಇರಲಿಲ್ಲ. ಈ ಮಾತನ್ನು ಸಿನಿಮಾ ವಿಮರ್ಶೆಯಲ್ಲಿ ಎಷ್ಟು ಜನ ಬರೆದಿದಾರೆ?

ಈಗ 'ಊರು ಕೇರಿ' ತೆಗೀರಿ. ಶುರುವಲ್ಲೇ ಒಂದು ದೃಶ್ಯ: ಹೊಲದಲ್ಲಿ ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಉಳ್ತಿದಾರೆ, ಹಿಂದೆ ಒಬ್ಬ ನೇಗಿಲು ಹಿಡಿದಿದಾನೆ. ಹುಡುಗ ದೂರದಿಂದ ನೋಡ್ತಾನೆ. ಎತ್ತಾಗಿರೋ ಇಬ್ಬರಲ್ಲಿ ಒಬ್ಬ ಅವನ ಅಪ್ಪ. ಕಾರಂತರ ಚೋಮ ನೇಗಿಲು ಹಿಡಿಯೋ ಕನಸು ಕಾಣ್ತಾನೆ. ಸಿದ್ಧಲಿಂಗಯ್ಯನವರ ಅಪ್ಪ ನೇಗಿಲಿಗೆ ಕಟ್ಟಿಸಿಕೊಂಡಿದಾನೆ. ಹೊರಗಿಂದ ನೋಡಿದ್ದಕ್ಕೂ ಒಳಗಿಂದ ಕಂಡಿದ್ದಕ್ಕೂ ಇರೋ ಅಂತರ ಇಷ್ಟು.

ಇನ್ನೂ ಒಂದು ಐತಿ. 'ಊರು ಕೇರಿ' ಓದ್ತಾ ಓದ್ತಾ ನೀವು ಬಿದ್ದು ಬಿದ್ದು ನಗ್ತೀರಿ. ಹಾಸ್ಟೆಲ್ಲು, ಹಸಿವು, ದೆವ್ವ, ಭಾಷಣ, ಎಲ್ಲದರಲ್ಲೂ ನಗು. ಕನ್ನಡ ಸಿನಿಮಾದ ದಲಿತ ನಗೋದನ್ನು ನೋಡಿದೀರಾ? ಅಳ್ತಾನೆ, ಕೈಮುಗೀತಾನೆ, ಕುಡೀತಾನೆ, ಸಾಯ್ತಾನೆ. ಜೋಕ್ ಹೊಡೆಯೋ ದಲಿತ, ಪ್ರೇಮಪತ್ರದಲ್ಲಿ ಕಾಗುಣಿತ ತಪ್ಪಿಸೋ ದಲಿತ, ಸೋಮಾರಿ ದಲಿತ, ಕ್ರಿಕೆಟ್ ಹುಚ್ಚಿನ ದಲಿತ ಎಲ್ಲಿ? ನಮಗೆ ಕಣ್ಣೀರು ಮಾತ್ರ ಅಲಾಟ್ ಮಾಡಿದಾರೆ, ರೇಷನ್ ಥರ. ನಟರಾಗೋ ಹುಡುಗ ಹುಡುಗಿಯರು ಇದೊಂದಕ್ಕಾದರೂ 'ಊರು ಕೇರಿ' ಓದಬೇಕು.

ದೇವನೂರ ಮಹಾದೇವರ 'ಒಡಲಾಳ' ಕಡಿಮೆ ಬಜೆಟ್ಟಿನವರ ಪಾಠಪುಸ್ತಕ. ಒಂದು ಗುಡಿಸಲು, ಒಂದು ರಾತ್ರಿ, ಕದ್ದು ತಂದ ಒಂದು ಮೂಟೆ ಕಡ್ಲೆಕಾಯಿ. ಇಡೀ ಕುಟುಂಬ ಸುತ್ತ ಕೂತು ತಿನ್ನುತ್ತೆ. ಬೆಳಗ್ಗೆ ಪೊಲೀಸರು ಬರ್ತಾರೆ. ಗೋಡೆ ಮೇಲೆ ನವಿಲಿನ ಚಿತ್ರ. ಕಳ್ಳತನ ಇಷ್ಟು ಸಂಭ್ರಮವಾಗಿ, ಹಸಿವು ಇಷ್ಟು ಘನತೆಯಿಂದ ಬೇರೆಲ್ಲೂ ಬಂದಿಲ್ಲ. ಲೊಕೇಶನ್ ಹುಡ್ಕೊಂಡು ಸಕಲೇಶಪುರಕ್ಕೆ ಹೋಗೋರು ಇದನ್ನು ಓದಲಿ.

ಅನಂತಮೂರ್ತಿಯವರ 'ಸಂಸ್ಕಾರ'ವನ್ನೂ ಓದಿ. ತಮಾಷೆಗೆ ಹೇಳ್ತಿಲ್ಲ. ಇಡೀ ಅಗ್ರಹಾರ ಒಂದು ಹೆಣ ಸುಡೋದು ಯಾರು ಅಂತ ಕಾದಂಬರಿಯುದ್ದಕ್ಕೂ ತಲೆ ಕೆಡಿಸ್ಕೊಳ್ಳುತ್ತೆ. ಅದೇ ಹೊತ್ತಿಗೆ ಹೊಲಗೇರಿಯಲ್ಲಿ ಬೆಳ್ಳಿಯ ಅಪ್ಪ ಅವ್ವ ಪ್ಲೇಗಿಗೆ ಸಾಯ್ತಾರೆ, ಗುಡಿಸಲ ಸಮೇತ ಬೆಂಕಿ ಇಡ್ತಾರೆ. ಅದಕ್ಕೆ ಕೆಲವೇ ಸಾಲು. 1970ರ ಸಿನಿಮಾಕ್ಕೆ ಸೆನ್ಸಾರ್ ತಡೆ ಬಿತ್ತು, ಬ್ರಾಹ್ಮಣರಿಗೆ ನೋವಾಗುತ್ತೆ ಅನ್ನೋ ಗಲಾಟೆ ಎದ್ದಿತು. ಬೆಳ್ಳಿಯ ಗುಡಿಸಲು ಯಾರಿಗೂ ನೋವಾಗಲಿಲ್ಲ. ನನ್ನ ಕೇಳಿದರೆ ಹೊಸ ಹುಡುಗರಿಗೆ ಕೊಡಬೇಕಾದ ಕೆಲಸ ಇದು: ಅದೇ ಊರು, ಅದೇ ಮೂರು ದಿನ, ಬೆಳ್ಳಿ ಕಡೆಯಿಂದ ಬರೆದುಕೊಂಡು ಬಾ.

ಉಳಿದವು ಬೇಗ ಹೇಳ್ತೀನಿ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ', ಹೆಣದ ಮೇಲೆ ತೂರಿದ ನಾಣ್ಯದ ಪ್ರಸಂಗ ಓದಿ ಒಂದು ದಿನ ಸುಮ್ಮನೆ ಕೂರ್ತೀರಿ. ಮೊಗಳ್ಳಿ ಗಣೇಶರ 'ಬುಗುರಿ'. ನಮ್ಮ ದಾವಣಗೆರೆಯ ಬಿ.ಟಿ. ಜಾಹ್ನವಿಯವರ ಕಥೆಗಳು, ಹೆಣ್ಣುಮಕ್ಕಳ ಮಾತಿನ ಧಾಟಿ ಕಲಿಯೋಕೆ. ಕುವೆಂಪು ಅವರ 'ಜಲಗಾರ', ಶಿವ ಪೊರಕೆ ಹಿಡ್ಕೊಂಡು ಬರ್ತಾನೆ, ಮಾಡಿ ನೋಡಿ ಸ್ಟೇಜ್ ಮೇಲೆ. ಸಿದ್ಧಲಿಂಗಯ್ಯನವರ 'ಪಂಚಮ', ನಾಟ್ಯಶಾಸ್ತ್ರದಲ್ಲಿ ಇಲ್ಲದ ಐದನೇ ಕಂಬ ಬೇಕಾದೋರಿಗೆ. ಜ್ಯೋತಿಬಾ ಫುಲೆಯವರ 'ತೃತೀಯ ರತ್ನ' ನಾಟಕ: 1855ರಲ್ಲಿ ದಕ್ಷಿಣಾ ಪ್ರೈಜ್ ಕಮಿಟಿಗೆ ಕೊಟ್ಟರು, ಅವರು ವಾಪಸ್ ಕಳಿಸಿದರು. ನೂರೆಪ್ಪತ್ತು ವರ್ಷದ ಹಿಂದೆನೇ ನಮ್ಮ ಸ್ಕ್ರಿಪ್ಟ್ ರಿಜೆಕ್ಟ್ ಆಗಿತ್ತು ಅಂತ ಗೊತ್ತಿದ್ದರೆ ಗಾಂಧಿನಗರದಲ್ಲಿ ನಿಮ್ಮದು ರಿಜೆಕ್ಟ್ ಆದಾಗ ಎದೆ ಒಡೆಯಲ್ಲ.

ನಟಿಯಾಗಬೇಕು ಅನ್ನೋ ನಮ್ಮ ಹೆಣ್ಣುಮಕ್ಕಳಿಗೆ ಪಿ.ಕೆ. ರೋಸಿಯ ಕಥೆ ಹೇಳಿ. ಮಲಯಾಳದ ಮೊದಲ ಸಿನಿಮಾ 'ವಿಗತಕುಮಾರನ್'ನ ನಾಯಕಿ. ಪುಲಯ ಹೆಣ್ಣುಮಗಳು ನಾಯರ್ ಹೆಂಗಸಿನ ಪಾತ್ರ ಮಾಡಿದಳು ಅಂತ ತೆರೆಗೆ ಕಲ್ಲು ಬಿತ್ತು, ಆಕೆ ಊರು ಬಿಟ್ಟು ಓಡಿಹೋಗಬೇಕಾಯ್ತು. ಮೇಲ್ಜಾತಿಯವರು ನಮ್ಮ ಪಾತ್ರ ಮಾಡಿದ್ರೆ ಪ್ರಶಸ್ತಿ, ನಾವು ಅವರ ಪಾತ್ರ ಮಾಡಿದ್ರೆ ಕಲ್ಲು. "ಕಲೆಗೆ ಜಾತಿ ಇಲ್ಲ" ಅಂತ ಕೆಳಗೆ ಬರೆಯೋಕೆ ಸಿದ್ಧವಾಗಿರೋ ಗೆಳೆಯರು ಮೊದಲು ಇದಕ್ಕೆ ಉತ್ತರ ಕೊಟ್ಟು ಮುಂದಕ್ಕೆ ಹೋಗಿ.

ಓದಿನಿಂದ ಸಿನಿಮಾ ಬದಲಾಗುತ್ತಾ ಅಂತ ಕೇಳೋರಿಗೆ: ಬದಲಾಗಿದೆ, ಪಕ್ಕದ ರಾಜ್ಯದಲ್ಲಿ. 2016ರ 'ಕಬಾಲಿ'ಯಲ್ಲಿ ರಜನಿಕಾಂತ್ ಎಂಟ್ರಿ ನೆನಪಿದೆಯಾ? ಜೈಲಲ್ಲಿ ಪುಸ್ತಕ ಓದ್ತಾ ಕೂತಿರ್ತಾರೆ. ಆ ಪುಸ್ತಕ ವೈ.ಬಿ. ಸತ್ಯನಾರಾಯಣರ 'ಮೈ ಫಾದರ್ ಬಾಲಯ್ಯ', ತೆಲಂಗಾಣದ ಒಂದು ಮಾದಿಗ ಕುಟುಂಬದ ಕಥೆ. ಸೂಪರ್‌ಸ್ಟಾರ್ ಕೈಗೆ ಮಚ್ಚು ಕೊಡೋ ಜಾಗದಲ್ಲಿ ಪಾ. ರಂಜಿತ್ ಪುಸ್ತಕ ಕೊಟ್ಟರು. ಅಷ್ಟಕ್ಕೇ ನಿಲ್ಲಿಸದೆ ಚೆನ್ನೈನಲ್ಲಿ 'ಕೂಗೈ' ಅಂತ ಗ್ರಂಥಾಲಯ ಕಟ್ಟಿದರು, ಸಹಾಯಕ ನಿರ್ದೇಶಕರು ಬಂದು ಕೂತು ಓದೋಕೆ. ಮರಾಠಿಯಲ್ಲಿ ನಾಗರಾಜ್ ಮಂಜುಳೆ 'ಫಂಡ್ರಿ'ಯಲ್ಲಿ ಹಂದಿ ಹಿಡಿಯೋಕೆ ಓಡ್ತಿರೋ ಕುಟುಂಬವನ್ನು ರಾಷ್ಟ್ರಗೀತೆ ಕೇಳಿಸಿದ ಕೂಡಲೇ ನಿಲ್ಲಿಸಿಬಿಡ್ತಾರೆ. ಹಂದಿ ತಪ್ಪಿಸಿಕೊಳ್ಳುತ್ತೆ. ಈ ದೃಶ್ಯ ಯಾವ ಇಂಗ್ಲಿಷ್ ಪುಸ್ತಕದ ಸೂತ್ರದಿಂದಲೂ ಹುಟ್ಟಲ್ಲ. ನಾವು ಮಾಡಿದ್ದೇನು? ಅದೇ ಮಂಜುಳೆಯವರ 'ಸೈರಾಟ್' ತಂದು 'ಮನಸು ಮಲ್ಲಿಗೆ' ಮಾಡಿದ್ವಿ. ಹೆಸರಲ್ಲೇ ಗೊತ್ತಾಗುತ್ತೆ.

ನಮ್ಮೋರಿಗೂ ಒಂದು ಮಾತು. "ಸಿನಿಮಾ ಗಿನಿಮಾ ಯಾಕೆ, ಹೋರಾಟ ಮಾಡ್ಲಿ" ಅನ್ನೋ ಹಿರಿಯರು ಇದಾರೆ. ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ನಮ್ಮ ಹರಿಹರದವರು, ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರು. ಪಾಠ ಹೇಳೋ ಮನುಷ್ಯ ಚಳವಳಿ ಕಟ್ಟಿದ್ದು. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದಿದ್ದಕ್ಕೆ ಮಂತ್ರಿಗಿರಿ ಹೋಯ್ತು, ಆ ಬೆಂಕಿಯಲ್ಲೇ ನಮ್ಮ ಸಂಘಟನೆಗೆ ಕಾವು ಬಂತು. ಅಂದ್ರೆ ಏನು? ಯಾವ ಪುಸ್ತಕ ಓದಬೇಕು ಅನ್ನೋ ಜಗಳದಿಂದಲೇ ನಾವು ಹುಟ್ಟಿದ್ದು. ಹಾಡು, ಬೀದಿನಾಟಕ ಇಲ್ಲದೆ ನಮ್ಮ ಯಾವ ಜಾಥಾ ನಡೆದಿದೆ? ಜಾತ್ರೆಯಲ್ಲಿ ಹಲಗೆ ಬಡಿದು ಬಡಿದು ತಾಳ ನಮ್ಮ ಮೈಗೆ ಹತ್ತೈತಿ, ಊರ ನಾಟಕಕ್ಕೆ ಸೀನರಿ ಕಟ್ಟೋರು ನಮ್ಮೋರು. ಚಿಂದೋಡಿ ಲೀಲಾ ಅವರ ಕಂಪನಿಯ ಊರು ಇದು. ಇಲ್ಲಿ ಕಲೆ ಯಾರಿಗೂ ಹೊಸದಲ್ಲ.

ಕೊನೆಗೆ ಕೆಲಸದ ಮಾತು. ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಿಗೆ ಈಗ 'ಅರಿವು ಕೇಂದ್ರ' ಅಂತ ಹೆಸರು. ನಿಮ್ಮ ಊರಿನದಕ್ಕೆ ಹೋಗಿ, ಮೇಲಿನ ಪುಸ್ತಕಗಳಲ್ಲಿ ಎಷ್ಟು ಇದಾವೆ ಎಣಿಸಿ ಕೆಳಗೆ ಬರೀರಿ. ಇಲ್ಲದ್ದಕ್ಕೆ ಪಿಡಿಒಗೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ತಗೊಳ್ಳಿ, ಫೋಟೋ ಹಾಕಿ. 2013ರ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ ದುಡ್ಡಲ್ಲಿ ನಮ್ಮ ಮಕ್ಕಳಿಗೆ ಸಿನಿಮಾ ತರಬೇತಿ ಅಂದ್ರೆ ಬರೀ ಶಿಬಿರ, ಊಟ, ಸರ್ಟಿಫಿಕೇಟ್ ಆಗಬಾರದು. ಜಿಲ್ಲೆಗೊಂದು ಕ್ಯಾಮೆರಾ, ಎಡಿಟಿಂಗ್ ಕಂಪ್ಯೂಟರ್, ಒಂದು ಕಪಾಟು ಪುಸ್ತಕ ಬೇಕು ಅಂತ ಕೇಳೋಣ. ಮನವಿಯ ಕರಡು ನಾನು ಬರೀತೀನಿ, ತಿದ್ದೋರು ಬೇಕು.

'ಊರು ಕೇರಿ'ಯ ಎರಡು ಹಳೆ ಪ್ರತಿ ನನ್ನ ಹತ್ರ ಇದಾವೆ. ಹರಿಹರ, ದಾವಣಗೆರೆ ಕಡೆಯೋರು ಇನ್‌ಬಾಕ್ಸಿಗೆ ಬರ್ರಿ. ಓದಿ ತಿಂಗಳೊಳಗೆ ವಾಪಸ್ ಕೊಡಬೇಕು, ಮೊದಲಿನ ಮೂರು ಪ್ರತಿ ಹೋದೋವು ಇನ್ನೂ ಬಂದಿಲ್ಲ.